ಚಂದನಳ ಕರುಳಿಗೆ ಒಂದು ಉಪಮೆ

೧

ಹೊಂಬಾಳಮ್ಮ ಮಗುವಿನ ಕೆಳಗಿಂದ ಒದ್ದೆ ಬಟ್ಟೆಯನ್ನು ಎಳೆದು ಮೂಗಿಗೆ ಹಿಡಿದಳು.

"ಲೇ ಶಶಿ, ಬಾ ಇಲ್ಲಿ. ಇದ ಮೂಸ್ನೋಡು."

"ಬೆಳಬೆಳಿಗ್ಗೇನೇ ಉಚ್ಚೆ ಬಟ್ಟೆ ಮೂಸು ಅಂತೀಯಲ್ಲವ್ವ."

"ಉಚ್ಚೆ ಅಲ್ಲ ಕಣ್ಲಾ. ನಾಕು ಮಕ್ಕಳ ಬಟ್ಟೆ ಒಗ್ದಿದೀನಿ ನಾನು. ಉಚ್ಚೆ ಆದ್ರೆ ವಾಸ್ನೆ ಬರಬೇಕಲ್ವಾ?"

ಶಶಿಧರ್ ಮೂಸಲಿಲ್ಲ. ಅವಳು ಬಟ್ಟೆಯ ಅಂಚನ್ನು ನಾಲಿಗೆಯ ತುದಿಗೆ ಮುಟ್ಟಿಸಿಕೊಂಡಳು. ಗೋಡೆಗೆ ಒರಗಿ ಕೂತಿದ್ದ ರಂಜಿತ "ಅಜ್ಜಿ" ಎಂದು ಕೈ ಚಾಚುವಷ್ಟರಲ್ಲಿ ಆಗಿಹೋಗಿತ್ತು.

"ಬರೀ ಉಪ್ಪು," ಎಂದಳು ಹೊಂಬಾಳಮ್ಮ.

ಹೀಗೆ ಶುರು ಮಾಡಬಹುದೇ, ಹೇಳಿ. ಓದುತ್ತಿರುವವರು ನೀವು. ಇದಕ್ಕೂ ಮುಂಚೆ ಎರಡು ಆರಂಭಗಳಿದ್ದವು. ಒಂದರಲ್ಲಿ ಬೆಂಗಳೂರಿನ ಲ್ಯಾಬಿನಲ್ಲಿ ಬಿಳಿ ಇಲಿಮರಿಗಳು ತಾಯಿಯ ಹೊಟ್ಟೆಗೆ ಅಂಟಿಕೊಂಡು ಹಾಲು ಕುಡಿಯುತ್ತಿದ್ದವು. ಹದಿನೇಳು ಪುಟವಾದರೂ ಒಬ್ಬ ಮನುಷ್ಯನೂ ಬರಲಿಲ್ಲ. ಇನ್ನೊಂದರಲ್ಲಿ ಕಥೆಯನ್ನು ಒಂದು ಜೀನ್ ಹೇಳುತ್ತಿತ್ತು. ಅನುವಾದದ ಕಾದಂಬರಿಗಳನ್ನು ಮಿತಿಮೀರಿ ಓದಿದವರಿಗೆ ಇಂಥ ಆಸೆಗಳು ಬರುತ್ತವೆ. ಗೆಳೆಯ ಸಿದ್ದೇಶ್ ನಾಲ್ಕು ಪುಟ ಓದಿ, "ನಿನ್ನ ಜೀನು ಮಂಡ್ಯದ್ದಾ, ಹಂಗೇರಿದಾ, ಮೊದ್ಲು ಅದ ಹೇಳ್ಲಾ" ಎಂದ. ಹರಿದು ಹಾಕಿದೆ.

(ಈ ಆರಂಭವೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬಟ್ಟೆ ನೆಕ್ಕುವ ಅಜ್ಜಿ ಸ್ವಲ್ಪ ಹೆಚ್ಚಾಯಿತೇನೋ. ಆದರೆ ಅವಳು ನೆಕ್ಕಿದಳು.)

೨

ಈಗ ವಿವರಿಸಬೇಕು. ವಿವರಿಸದೆ ಬಿಟ್ಟರೆ ಏನಾಗುತ್ತದೆ ಎಂಬುದು ಈ ಕಥೆಯಲ್ಲೇ ಬರುತ್ತದೆ, ಆದ್ದರಿಂದ ಇಷ್ಟವಿಲ್ಲದಿದ್ದರೂ ವಿವರಿಸುತ್ತೇನೆ.

ಊರು ಕೆರಗೋಡು. ರಂಜಿತ ಹೊಂಬಾಳಮ್ಮನ ಮಗಳ ಮಗಳು. ಶಶಿಧರ್ ಹೊಂಬಾಳಮ್ಮನ ಕೊನೆಯ ಮಗ. ರಂಜಿತ ಸೋದರಮಾವನನ್ನೇ ಮದುವೆಯಾದವಳು. ಗಂಡನನ್ನು ಈಗಲೂ ಮಾವ ಎಂದೇ, ಅತ್ತೆಯನ್ನು ಅಜ್ಜಿ ಎಂದೇ ಕರೆಯುತ್ತಾಳೆ. ಸಂಬಂಧ ಮಾಡಿಸಿದವಳು ಹೊಂಬಾಳಮ್ಮ. ಮೊಮ್ಮಗಳು ಯಾರದೋ ಮನೆ ಸೇರಿ ಕಣ್ಣೀರು ಹಾಕುವುದು ಬೇಡ, ನಮ್ಮ ಕಣ್ಣೆದುರಿಗೇ ಇರಲಿ ಎಂದು. ಊರಲ್ಲಿ ಯಾರಿಗೂ ಇದು ವಿಶೇಷ ಅನಿಸಲಿಲ್ಲ. ರಂಜಿತಳಿಗೂ ಅನಿಸಿರಲಿಲ್ಲ.

ಬಸುರಿಯ ಹೊಟ್ಟೆಯಲ್ಲಿ ನೀರು ಹೆಚ್ಚಾಗಿತ್ತು. ಅವಳಿ ಇರಬೇಕು ಎಂದರು. ಒಂದು ತಿಂಗಳು ಮೊದಲೇ ಹೆರಿಗೆಯಾಗಿ ಒಂದೇ ಹೆಣ್ಣು ಮಗು, ಚಂದನ. ಗಳಿಗೆಗೊಂದು ಬಟ್ಟೆ ಒದ್ದೆ ಮಾಡುತ್ತಿದ್ದಳು. ಮಗು ಎಷ್ಟು ಚೆನ್ನಾಗಿ ಉಚ್ಚೆ ಹುಯ್ಯುತ್ತದೆ ಎಂದು ಬಾಣಂತಿ ನೋಡಲು ಬಂದವರು ಮೆಚ್ಚಿದರು. ಕಕ್ಕ ಮಾಡುವುದೇ ಇಲ್ಲವಲ್ಲ ಎಂದು ರಂಜಿತ ಕೇಳಿದಾಗ, ತಾಯಿಯ ಹಾಲು ಪೂರ್ತಿ ಮೈಗೆ ಹತ್ತುತ್ತಿದೆ, ಅದಕ್ಕೇ ಎಂದರು. ನಲವತ್ತು ದಿನ ಆ ಮನೆ ಭೇದಿಯನ್ನು ಉಚ್ಚೆ ಎಂದುಕೊಂಡು ಸಂತೋಷಪಟ್ಟಿತ್ತು.

ಬಟ್ಟೆ ನೆಕ್ಕಿದ ದಿನವೇ ಮಂಡ್ಯದ ಆಸ್ಪತ್ರೆಗೆ ಹೋದರು. ಅಲ್ಲಿಂದ ಬೆಂಗಳೂರು, ರಕ್ತ, ಜೀನ್ ಪರೀಕ್ಷೆ. ಗೊತ್ತಾದದ್ದು ಇಷ್ಟು. ಕರುಳಿನ ಗೋಡೆಯಲ್ಲಿ ಉಪ್ಪಿನ ಅಂಶವನ್ನು, ಕ್ಲೋರೈಡನ್ನು, ಮೈಯೊಳಕ್ಕೆ ಎಳೆದುಕೊಳ್ಳುವ ಒಂದು ಪ್ರೋಟೀನ್ ಇರಬೇಕು. ಅದನ್ನು ಮಾಡುವ ಜೀನ್ ಚಂದನಳಿಗೆ ಎರಡು ಕಡೆಯಿಂದಲೂ ಒಡೆದದ್ದೇ ಬಂದಿದೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಉಪ್ಪು ಒಳಗೆ ಬರುವುದಿಲ್ಲ. ಉಪ್ಪಿನ ಜೊತೆ ನೀರೂ ಹೊರಗೇ ಹೋಗುತ್ತದೆ. ಅಳೆದು ಬೆರೆಸಿದ ಉಪ್ಪಿನ ನೀರನ್ನು ದಿನಕ್ಕೆ ನಾಲ್ಕು ಸಲ ಬಾಯಿಗೆ ಹಾಕಬೇಕು, ಬದುಕಿರುವವರೆಗೂ.

"ಇದು ಕೊಟ್ರೆ ಭೇದಿ ನಿಲ್ಲಲ್ಲ," ಎಂದಿದ್ದರು ಮಂಡ್ಯದ ಡಾಕ್ಟರಮ್ಮ. "ಇನ್ನೂ ಜಾಸ್ತಿ ಆದ್ರೂ ಆಗ್ಬೋದು. ಆದ್ರೂ ಒಂದು ಹೊತ್ತೂ ಬಿಡಬೇಡಿ."

ಔಷಧಿ ಕೊಟ್ಟಷ್ಟೂ ಕಾಯಿಲೆ ಹೆಚ್ಚಾದಂತೆ ಕಾಣುವುದು. ಇದನ್ನು ನಾನು ಕಲ್ಪಿಸಿದ್ದರೆ ನೀವು ಪುಸ್ತಕ ಮುಚ್ಚುತ್ತಿದ್ದಿರಿ. ರಂಜಿತ ಮೂರು ತಿಂಗಳು ಮುಚ್ಚದೆ ನೋಡಿದಳು. ಚಮಚದಲ್ಲಿ ಉಪ್ಪಿನ ನೀರು ಹಾಕುವುದು, ಬಟ್ಟೆ ಬದಲಿಸುವುದು, ಮತ್ತೆ ಹಾಕುವುದು.

೩

ರಂಜಿತಳಿಗೆ ಒಬ್ಬ ಗೆಳತಿ, ಮಂಜುಶ್ರೀ. ಮಳವಳ್ಳಿ ಕಡೆ ಪೂರಿಗಾಲಿಯವಳು. ಮಂಡ್ಯದಲ್ಲಿ ಪಿಯುಸಿ ಓದುವಾಗ ಇಬ್ಬರದೂ ಒಂದೇ ಬೆಂಚು. ಈಗ ಬೆಂಗಳೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ವಿಷಯ: ಇಲಿಮರಿಗಳ ಕರುಳು ಬೆಳೆಯುವಾಗ ಹಾರ್ಮೋನುಗಳು ಉಪ್ಪು ಸಾಗಿಸುವ ಜೀನ್‌ಗಳನ್ನು ಯಾವಾಗ, ಹೇಗೆ ಚಾಲೂ ಮಾಡುತ್ತವೆ.

(ಕಾಕತಾಳೀಯ ಎಂದು ನೀವು ನಗಬಹುದು. ನಾನು ವಿಮರ್ಶಕನಾಗಿದ್ದರೆ ನಾನೂ ನಗುತ್ತಿದ್ದೆ.)

ಒಂದು ಶನಿವಾರ ಮಂಜುಶ್ರೀ ಮದ್ದೂರಿನಲ್ಲಿ ರೈಲಿಳಿದು ಮಳವಳ್ಳಿ ಬಸ್ಸಿಗೆಂದು ನಡೆಯುತ್ತಿದ್ದಾಗ ಫೋನು ಬಂತು.

"ನೀನು ಇದ್ನೇ ಅಲ್ವೇನೇ ಓದ್ತಿರೋದು, ಕರುಳು, ಉಪ್ಪು?" ಎಂದಳು ರಂಜಿತ.

"ಇಲೀದು ಕಣೇ."

"ಇಲೀಗಾದ್ರೂ ಆಯ್ತದಾ?"

"ಏನು?"

"ವಾಸಿ."

ಮಂಜುಶ್ರೀ ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಬ್ಯಾಗು ಇಟ್ಟಳು. "ನೋಡು ರಂಜಿ. ಇಲಿಮರಿ ಹಾಲು ಕುಡಿಯೋವಾಗ ಈ ಜೀನ್‌ಗಳು ಮಲಗಿರ್ತವೆ. ಹಾಲು ಬಿಟ್ಟು ಕಾಳು ತಿನ್ನೋ ಹೊತ್ತಿಗೆ ಮೈಯಲ್ಲಿ ಒಂದು ಹಾರ್ಮೋನ್ ಏರ್ತದೆ. ಅದು ಬಂದು ಅವನ್ನ ಎಬ್ಬಿಸ್ತದೆ. ನಮ್ಮಪ್ಪ ನೀರುಗಂಟಿ ಅಲ್ವಾ, ನಾಲೆಗೆ ನೀರು ಬಂದಾಗ ಹೋಗಿ ತೂಬು ಎತ್ತಿ ಗದ್ದೆಗೆ ಬಿಡ್ತಿರಲಿಲ್ವಾ, ಹಂಗೇ. ಹಾಲು ಬಿಡೋ ಕಾಲಕ್ಕೆ ನೀರುಗಂಟಿ ಬತ್ತಾನೆ. ತೂಬು ಎತ್ತುತಾನೆ."

ಅಲ್ಲಿಗೆ ಪ್ಯಾರಾ ಮುಗಿಸಿದೆ. ಕೊನೆಯ ಎರಡು ವಾಕ್ಯಗಳನ್ನು ಗಟ್ಟಿಯಾಗಿ ಓದಿಕೊಂಡೆ. ಎಷ್ಟೋ ತಿಂಗಳ ನಂತರ ನನ್ನ ಬರವಣಿಗೆ ನನಗೆ ಇಷ್ಟವಾಯಿತು.

೩ (ಮಂಜುಶ್ರೀಯ ತಕರಾರು)

"ನಮ್ಮಪ್ಪ ನೀರುಗಂಟಿ ಅಂತ ನಿಮಗೆ ಯಾರು ಹೇಳಿದ್ದು?"

ಯಾರೂ ಹೇಳಿರಲಿಲ್ಲ.

"ನಮ್ಮಪ್ಪ ನಾಗಯ್ಯ ಮೇಷ್ಟ್ರು. ಮೂವತ್ತೊಂದು ವರ್ಷ ಗಣಿತ ಹೇಳ್ಕೊಟ್ಟಿದಾರೆ. ನಮ್ಮ ಕೇರಿ ಯಾವುದು ಅಂತ ಗೊತ್ತಾದ ತಕ್ಷಣ ನಿಮ್ಮ ಕೈಗೆ ನೀರುಗಂಟಿ ಸಿಕ್ಕಿದ, ಅಲ್ವಾ?"

"ಉಪಮೆಗೆ ಬೇಕಾಗಿತ್ತು."

"ಉಪಮೆಗೆ ಬೇಕಿದ್ರೆ ನಿಮ್ಮಪ್ಪನ್ನ ಮಾಡ್ಕೊಳ್ಳಿ."

ತಿದ್ದುತ್ತೇನೆ ಎಂದೆ.

"ಅದು ಆಮೇಲೆ. ತೂಬಿನ ಮಾತಾದ ಮೇಲೆ ನಾನು ಇನ್ನೂ ಮೂರು ಮಾತು ಹೇಳಿದ್ದೆ. ಅವು ಎಲ್ಲಿ?"

ಅವು ಇದ್ದವು. ಕೈಬರಹದ ಪ್ರತಿಯಲ್ಲಿ ಈಗಲೂ ಗೀಟಿನ ಕೆಳಗೆ ಕಾಣುತ್ತವೆ. ಒಂದು, ಹಾಲು ಬಿಡುವುದೂ ಹಾರ್ಮೋನ್ ಏರುವುದೂ ಒಂದೇ ವಾರದಲ್ಲಿ ನಡೆಯುತ್ತವೆ ಅಷ್ಟೆ, ಹಾಲು ಬಿಡಿಸಿದ್ದರಿಂದ ಜೀನ್ ಏಳುವುದಿಲ್ಲ. ಬಿಡಿಸದೆ ಇಟ್ಟರೂ ಏಳುತ್ತದೆ. ಎರಡು, ಮನುಷ್ಯರ ಮಗುವಿನಲ್ಲಿ ಈ ಕೆಲಸ ಬಹುಪಾಲು ಹುಟ್ಟುವ ಮೊದಲೇ, ಗರ್ಭದಲ್ಲೇ ಮುಗಿದಿರುತ್ತದೆ. ಮೂರು, ಹಾರ್ಮೋನ್ ಮಲಗಿರುವ ಜೀನನ್ನು ಎಬ್ಬಿಸಬಹುದು, ಒಡೆದ ಜೀನನ್ನು ಕೂಡಿಸಲಾರದು. "ಚಂದನಂಗೆ ಇದ್ಯಾವುದೂ ತಾಗಲ್ಲ ರಂಜಿ, ಉಪ್ಪಿನ ನೀರು ಮಾತ್ರ ಬಿಡಬೇಡ."

"ಯಾಕೆ ಹೊಡೆದು ಹಾಕಿದ್ರಿ?"

"ತೂಬು ಎತ್ತುತಾನೆ ಅನ್ನೋ ಕಡೆ ಪ್ಯಾರಾ ಮುಗಿದ್ರೆ ಚೆನ್ನಾಗಿತ್ತು. ಆಮೇಲಿನದು ಪಾಠ ಮಾಡಿದ ಹಾಗೆ ಕೇಳಿಸ್ತಿತ್ತು."

ಮಂಜುಶ್ರೀ ಗೀಟು ಹೊಡೆದ ಸಾಲುಗಳ ಮೇಲೆ ಬೆರಳಿಟ್ಟಳು. ಆಮೇಲೆ, "ಈಗ ಹಾಕಿ," ಎಂದಳು.

ಹಾಕಿದೆ. ನೀವು ಓದಿದಿರಿ. ಆದರೆ ಕೆರಗೋಡಿನಲ್ಲಿ ರಂಜಿತಳ ಫೋನು ಸ್ಪೀಕರಿನಲ್ಲಿತ್ತು. ಸೊಪ್ಪು ಸೋಸುತ್ತಿದ್ದ ಹೊಂಬಾಳಮ್ಮ, ಚಪ್ಪಲಿ ಮೆಟ್ಟುತ್ತಿದ್ದ ಶಶಿಧರ್, ರಂಜಿತ, ಮೂವರೂ ಕೇಳಿಸಿಕೊಂಡದ್ದು ಆ ಮೂರು ಮಾತುಗಳಿಲ್ಲದ ಮೊದಲ ಪ್ರತಿಯನ್ನು.

೪

ಮಾರನೆಯ ದಿನ ಹೊಂಬಾಳಮ್ಮ ಹಿತ್ತಲ ಒರಳಿನ ಮುಂದೆ ಕೂತು ಬೇವಿನ ಸೊಪ್ಪು ಅರೆಯುತ್ತಿದ್ದಳು. ಮಗುವಿಗೆ ಹಾಲು ಬಿಡಿಸುವಾಗ ತಾಯಿಯ ಮೊಲೆತೊಟ್ಟಿಗೆ ಬೇವು ಅರೆದು ಹಚ್ಚುತ್ತಾರೆ. ಎರಡು ವರ್ಷದ ಮಗುವಿಗೆ. ಚಂದನಳಿಗೆ ಐದು ತಿಂಗಳು.

ನಾನು ಒಳಗೆ ಹೋದೆ. ಕಥೆಗಾರನಿಗೆ ಹಿತ್ತಲ ಬಾಗಿಲು ಅಡ್ಡಿಯಲ್ಲ.

"ಅಮ್ಮ, ಅರೀಬೇಡಿ."

"ನೀನ್ಯಾರಪ್ಪ?"

"ಬರೆಯೋನು."

"ಕರೆಂಟು ಮೀಟ್ರಾ? ಆಚೆ ಗೋಡೇಲಿ ಅದೆ, ಬರ್ಕೊಂಡು ಓಗು."

"ಕಥೆ ಬರೆಯೋನು. ಆ ನೀರುಗಂಟಿ ಮಾತು ನಾನು ಕಟ್ಟಿದ್ದು ಕಣಮ್ಮ. ಸರಿಯಿಲ್ಲ ಅದು."

"ಯಾಕ್ ಸರಿಯಿಲ್ಲ? ನಾಲೆ ನೀರು ನಾನು ಕಾಣೆನಾ? ತೂಬು ಎತ್ತೋ ಗಂಟ ನೀರು ಸುಮ್ನೆ ಮುಂದ್ಕೇ ಓಯ್ತದೆ, ಗದ್ದೆ ಒಣಿಕ್ಕತದೆ. ಎತ್ತಿದ್ಮೇಲೆ ಒಳೀಕ್ ಬತ್ತದೆ. ಈ ಮಗೀಗೂ ಅಂಗೇ ಆಗಿರದು. ಯಾವ ಡಾಕ್ಟ್ರೂ ಇಷ್ಟು ಬುಡಿಸಿ ಯೋಳ್ನಿಲ್ಲ."

ನನ್ನ ಉಪಮೆಯನ್ನು ಅವಳು ನನಗಿಂತ ಚೆನ್ನಾಗಿ ಅರ್ಥಮಾಡಿಕೊಂಡಿದ್ದಳು. ತಪ್ಪು ಉಪಮೆಯಲ್ಲೇ ಇತ್ತು.

"ಐದು ತಿಂಗಳ ಮಗು. ಹಾಲು ಬಿಡಿಸಬಾರದು."

ಗುಂಡುಕಲ್ಲು ನಿಂತಿತು. "ಈ ಮದ್ವೆ ಮಾಡ್ಸಿದೋಳು ನಾನು ಕಣಪ್ಪ. ಆ ಡಾಕ್ಟ್ರಮ್ಮ, ಒಳಗೊಳಗೇ ಸಂಬಂಧ ಮಾಡಿದ್ರೆ ಇಂಥವು ಬತ್ತವೆ ಅಂದಾಗ ಅಲ್ಲಿ ಯಾರೂ ನನ್ನ ಮಕ ನೋಡ್ನಿಲ್ಲ. ನೋಡಿದ್ರೆ ಬೈದಂಗಾದ್ರೂ ಆಗದು. ನನ್ನ ಮೊಮ್ಮಗಳು ಇವತ್ತಿಗೂ ಒಂದು ಮಾತು ಅಂದಿಲ್ಲ. ಏನಾದ್ರೂ ಒಂದು ನನ್ನ ಕೈಲಿ ಒಳ್ಳೇದಾಗ್ಲಿ, ಬುಡು."

ಕಲ್ಲು ಮತ್ತೆ ತಿರುಗಿತು. ನಾನು ಒರಳಿನಿಂದ ಸೊಪ್ಪನ್ನು ತೆಗೆದು ಎಸೆಯುತ್ತೇನೆ ಎಂದು ಬರೆದೆ. ಮುಂದಿನ ಸಾಲಿನಲ್ಲಿ ಅವಳು ಮತ್ತಷ್ಟು ಕಿತ್ತು ತಂದಳು.

ಉಪ್ಪಿನ ನೀರು ನಿಲ್ಲಿಸಿದ್ದು ಶಶಿಧರ್. ತೂಬು ಏಳುವ ಹೊತ್ತಿನಲ್ಲಿ ಅದು ಯಾಕೆ, ಅದು ಕೊಟ್ಟಾಗಲೇ ಅಲ್ಲವಾ ಬಟ್ಟೆ ಜಾಸ್ತಿ ಒದ್ದೆಯಾಗುವುದು, ಎಂದ. ಅವನು ಹೇಳಿದ್ದು ಸುಳ್ಳಲ್ಲ. ಹಾಗೆ ಆಗುತ್ತಿದ್ದುದು ನಿಜ. "ನಿಂಗೇನನ್ಸ್ತದೆ?" ಎಂದು ಹೆಂಡತಿಯನ್ನು ಕೇಳಿದ.

"ಮಂಜು ಓದಿರೋಳು ಮಾವ. ಸುಮ್ ಸುಮ್ಕೆ ಯೋಳಲ್ಲ."

ಬೇವಿನ ಕಹಿಗೆ ಚಂದನ ಮೊದಲ ಸಲ ಮುಖ ಕಿವುಚಿ ಅತ್ತಳು. ಎರಡನೆಯ ಸಲ ಬಾಯಿ ಹಾಕಿ ಬಿಟ್ಟಳು. ಮೂರನೆಯ ಸಲ ಹತ್ತಿರ ಬರಲಿಲ್ಲ. ನೀರು ಬೆರೆಸಿದ ಹಸುವಿನ ಹಾಲು, ತೆಳ್ಳಗೆ ರಾಗಿ ಸರಿ, ಚಮಚದಲ್ಲಿ ಹೋದಷ್ಟು ಹೋಯಿತು.

೫

ಮೂರನೆಯ ದಿನ ಬಟ್ಟೆ ಒಣಗಿತ್ತು.

ಈ ವಾಕ್ಯ ಬರೆದು ನಾನು ಎದ್ದುಹೋದೆ. ಪೇಟೆಬೀದಿಯಲ್ಲಿ ಕಾಫಿ ಕುಡಿದು, ಸಿದ್ದೇಶನ ಅಂಗಡಿಯಲ್ಲಿ ಕೂತು, ಸುಮ್ಮನೆ ಕ್ರಿಕೆಟ್ ಸ್ಕೋರು ಕೇಳಿ ಬಂದೆ. ಬಂದು ನೋಡಿದರೂ ಒಣಗಿತ್ತು.

ಹೊಂಬಾಳಮ್ಮ ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡಳು. ಮಗನ ಕೆನ್ನೆಗೂ ಒತ್ತಿದಳು. ಈ ಸಲ ಅವನು ಹಿಂದೆ ಸರಿಯಲಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದೇ ಬಟ್ಟೆ, ಅದೂ ಅಂಗೈಯಗಲ ತೇವ. ರಂಜಿತ ಆ ಬಟ್ಟೆಯನ್ನು ಚಾಪೆಯ ಮೇಲೆ ಹರಡಿ ಫೋಟೋ ತೆಗೆದು ಮಂಜುಶ್ರೀಗೆ ವಾಟ್ಸಾಪಿನಲ್ಲಿ ಕಳಿಸಿದಳು. ಕೆಳಗೆ ಬರೆದಳು: ನೀರುಗಂಟಿ ಬಂದ ಕಣೇ.

ಆಮೇಲೆ ಮಗುವಿನ ಪಕ್ಕದಲ್ಲೇ ಮಲಗಿ ಸಂಜೆಯವರೆಗೆ ನಿದ್ದೆ ಮಾಡಿದಳು. ಐದು ತಿಂಗಳಲ್ಲಿ ಮೊದಲ ಸಲ. ಯಾರೂ ಎಬ್ಬಿಸಲಿಲ್ಲ.

(ಎಬ್ಬಿಸಬಹುದಿತ್ತು. ನನಗೆ ಮನಸ್ಸು ಬರಲಿಲ್ಲ. ಇದನ್ನು ನನ್ನ ಮೇಲೆ ಹಾಕಿ.)

ನಡೆದದ್ದು ಇದು: ಮೈಯಲ್ಲಿ ಉಪ್ಪು ಬರಿದಾಗಿ, ಅದರ ಜೊತೆ ನೀರೂ ಬರಿದಾಗಿ, ಹೊರಗೆ ಹೋಗಲು ಏನೂ ಉಳಿದಿರಲಿಲ್ಲ. ಉಪ್ಪು ಕೊಟ್ಟರೆ ಭೇದಿ ಹೆಚ್ಚಾಗಬಹುದು ಎಂದು ಡಾಕ್ಟರಮ್ಮ ಹೇಳಿದ್ದರು. ಕೊಡದಿದ್ದರೆ ಕಡಿಮೆಯಾಗುತ್ತದೆ, ಅದು ಕೆಟ್ಟದ್ದು ಎಂದು ಯಾರೂ ಹೇಳಿರಲಿಲ್ಲ.

ಆ ಮಂಗಳವಾರ ಮಂಜುಶ್ರೀ ಇಲಿಗಳ ಕೋಣೆಯಲ್ಲಿದ್ದಳು. ಅಲ್ಲಿಗೆ ಫೋನು ಒಯ್ಯುವಂತಿಲ್ಲ. ಹತ್ತು ದಿನದ ಮರಿಗಳಿಗೆ ಹಾರ್ಮೋನು ಚುಚ್ಚಿ, ಮೊದಲೇ ಚುಚ್ಚಿಸಿಕೊಂಡಿದ್ದವನ್ನು ಕೊಯ್ದು, ಕರುಳನ್ನು ಸಣ್ಣ ಟ್ಯೂಬುಗಳಲ್ಲಿಟ್ಟು ದಣಿದು ಮಲಗಿದವಳು ಫೋಟೋ ನೋಡಿದ್ದು ಬುಧವಾರ ಬೆಳಿಗ್ಗೆ.

"ರಂಜಿ, ಉಪ್ಪಿನ ನೀರು ಕೊಡ್ತಿದೀಯಾ ತಾನೆ?"

"ಇಲ್ಲ ಕಣೇ. ಬೇಕಾಗೇ ಇಲ್ವಲ್ಲ ಈಗ."

"ಹಾಲು?"

"ಬುಡಿಸಿದೀವಿ. ನೀನೇ ಯೋಳ್ದಲ್ಲ."

"ಮಗು ಕಣ್ಣು ಬಿಡ್ತಾ ಇದೆಯಾ?"

ರಂಜಿತ ತೊಟ್ಟಿಲ ಕಡೆ ನೋಡಿದಳು. ಚಂದನ ಮಲಗಿದ್ದಳು. ಅಳದೆ ಮಲಗಿದೆಯಲ್ಲ ಎಂದು ಬೆಳಗಿನಿಂದ ಮನೆಯವರೆಲ್ಲ ಪಿಸುಮಾತಿನಲ್ಲಿ ಮಾತಾಡುತ್ತಿದ್ದರು.

"ಈಗಲೇ ಮಂಡ್ಯಕ್ಕೆ ಹೋಗು," ಎಂದಳು ಮಂಜುಶ್ರೀ. "ಬಸ್ಸಿಗೆ ಕಾಯ್ಬೇಡ."

೬

ಆಸ್ಪತ್ರೆಯ ವಾರ್ಡು. ಎರಡು ದಿನದಿಂದ ಡ್ರಿಪ್ಪು. ಚಂದನಳ ಕೈ, ಕಾಲು, ತಲೆ, ಎಲ್ಲ ಕಡೆ ಸೂಜಿ ಹಾಕಿ ತೆಗೆದ ಗುರುತು. ಹೊಂಬಾಳಮ್ಮ ವಾರ್ಡಿನ ಒಳಗೆ ಬರಲಿಲ್ಲ. ಮೆಟ್ಟಿಲ ಹತ್ತಿರ ಸೆರಗು ಹೊದ್ದು ಕೂತಿದ್ದಳು. ಊಟ ತಂದರೆ ಪಕ್ಕಕ್ಕಿಡುತ್ತಿದ್ದಳು.

ಬೆಂಗಳೂರಿನಿಂದ ಬಂದಿದ್ದ ಮಂಜುಶ್ರೀಯನ್ನು ಶಶಿಧರ್ ಕಾರಿಡಾರಿನಲ್ಲಿ ಹಿಡಿದ.

"ಇಲೀಗೆ ಕೊಡ್ತೀಯಲ್ಲ ತಾಯಿ ಒಂದು ಇಂಜೆಕ್ಷನ್ನು. ಸಣ್ಣ ಡೋಸಲ್ಲಿ ತರಕಾಯ್ತದಾ?"

"ಅದು ಇಲ್ಲೇ ಸಿಕ್ತದೆ ಅಣ್ಣ. ಮೆಡಿಕಲ್ ಸ್ಟೋರಲ್ಲೇ ಇರ್ತದೆ."

"ಮತ್ತೆ ಕೊಡ್ಸು. ಸೈನ್ ನಾನಾಕ್ತೀನಿ."

"ಜೀನ್ ಸರಿಯಾಗಿದ್ದು ಮಲಗಿದ್ರೆ ಅದು ಎಬ್ಬಿಸ್ತದೆ. ಇವಳದ್ದು ಒಡೆದಿದೆ. ಏನು ಚುಚ್ಚಿದ್ರೂ ಒಡೆದಿರೋದೇ ಏಳೋದು. ನಾನೂರು ಮರಿ ಕೊಯ್ದಿದೀನಿ ಅಣ್ಣ ನಾನು. ಇದಕ್ಕೆ ನನ್ನತ್ರ ಏನೂ ಇಲ್ಲ."

ಈ ಸಲ ಅವಳ ಮಾತಿಗೆ ನಾನು ಏನೂ ಸೇರಿಸಲಿಲ್ಲ, ಏನೂ ತೆಗೆಯಲಿಲ್ಲ. ಶಶಿಧರ್ ತಲೆಯಾಡಿಸಿದ. ಆಮೇಲೆ, "ಅರ್ಧ ಡೋಸಾದ್ರೂ?" ಎಂದ.

೭ (ಅಂತ್ಯಗಳು, ಸಿಕ್ಕಷ್ಟು)

ಒಂದು. ಚಂದನಳಿಗೆ ಆರು ವರ್ಷ. ಕೆರಗೋಡಿನ ಶಾಲೆಗೆ ಹೋಗುತ್ತಾಳೆ, ಬ್ಯಾಗಿನಲ್ಲಿ ಉಪ್ಪಿನ ನೀರಿನ ಬಾಟಲಿ. ಇದು ಸುಳ್ಳಾಗಬೇಕಿಲ್ಲ. ಇಂಥ ಮಕ್ಕಳು ಬದುಕುತ್ತಾರೆ, ದೊಡ್ಡವರಾಗುತ್ತಾರೆ, ಉಪ್ಪು ತಪ್ಪದಿದ್ದರೆ. ಅರ್ಧ ಪುಟ ಬರೆದೆ. ಬಾಟಲಿಯ ಬಣ್ಣಕ್ಕೆ ಬಂದಾಗ ಕೈ ನಿಂತಿತು.

ಎರಡು. ಇದನ್ನು ಒಂದು ಸಾಲು ಬರೆದು ಹಾಳೆ ಮಡಚಿದ್ದೇನೆ. ನಿಮಗೆ ತೋರಿಸುವುದಿಲ್ಲ.

ಮೂರು. ಶನಿವಾರ ಮದ್ದೂರಿನಲ್ಲಿ ಮಂಜುಶ್ರೀಯ ಫೋನು ಸತ್ತಿರುತ್ತದೆ. ಕರೆ ಬರುವುದೇ ಇಲ್ಲ. ಬೇವಿಲ್ಲ, ತೂಬಿಲ್ಲ. ಇದನ್ನು ಅವಳಿಗೇ ತೋರಿಸಿದೆ.

"ಆಗ ರಂಜಿ ನನ್ನ ಕೇಳ್ಲೇ ಇಲ್ಲ ಅಂತಾಗ್ತದೆ," ಎಂದಳು ಮಂಜುಶ್ರೀ. "ಕೇಳಿದಾಳೆ. ನಾನು, ಅವಳಜ್ಜಿ, ಅವಳ ಗಂಡ, ನೀವು, ನಾಲ್ಕು ಜನ ಕೇಳಿಸ್ಕೊಂಡಿದೀವಿ ಅವಳು ಕೇಳಿದ್ದನ್ನ."

"ನೀವು ಹೇಳಿದ್ದು ಸರಿಯಾಗಿತ್ತಲ್ಲ. ಅಳಿಸಿದ್ದು ನಾನು."

"ಅವಳಿಗೆ ಅದರಿಂದ ಏನಾಗ್ಬೇಕು?"

ನಾಲ್ಕನೆಯದನ್ನು ಶುರು ಮಾಡುವಾಗ ರಂಜಿತ ಹಾಸಿಗೆಯಿಂದಲೇ ತಿರುಗಿ ನೋಡಿದಳು. ಈ ಕಥೆಯಲ್ಲಿ ಅವಳು ನನ್ನೊಡನೆ ಮಾತಾಡಿದ್ದು ಅದೊಂದೇ ಸಲ.

"ನಿಮ್ಮದು ಮುಗೀತಾ ಸಾರ್?"

"ಇಲ್ಲ."

"ಅಂಗಾದ್ರೆ ಆಚೆ ಓಗಿ ಬರ್ಕಳಿ. ಮಗ ಎದ್ದದೆ."

೮

ನಾನು ಆಚೆ ಹೋಗಲಿಲ್ಲ. ಪರದೆಯ ಹಿಂದೆ ನಿಂತೆ.

ಡಾಕ್ಟರಮ್ಮ ಬಂದು ಚಂದನಳ ಕಾಲನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರು. "ಡ್ರಿಪ್ ಹಾಕೋಕೆ ಇನ್ನು ನರ ಸಿಕ್ತಿಲ್ಲ. ಬಾಯಿಂದ ಶುರುವಾಗ್ಬೇಕು. ಎದೆ ಹಾಲು ಕುಡಿದ್ರೆ ಅದರ ಹಿಂದೇನೇ ಉಪ್ಪಿನ ನೀರು ಹಾಕೋಣ. ಕುಡಿದ್ರೆ ಉಳ್ಕೋತಾಳೆ. ಪ್ರಯತ್ನ ಮಾಡಮ್ಮ."

ರಂಜಿತಳ ಹಾಲು ಕಟ್ಟಿ ಎರಡು ದಿನದಿಂದ ಜ್ವರ ಬಂದಿತ್ತು. ಬೇವಿನ ಕಹಿ ಹೋಗಲೆಂದು ಬಚ್ಚಲಿಗೆ ಹೋಗಿ ಬಿಸಿನೀರಿನಲ್ಲಿ ಎದೆ ತೊಳೆದು ಬಂದಳು, ಸೋಪು ಹಾಕಿ, ಮತ್ತೆ ಸೋಪು ಹಾಕಿ. ಗೋಡೆಯ ಕಡೆ ತಿರುಗಿ ಕೂತು ಮಗುವನ್ನು ತೊಡೆಗೆ ತೆಗೆದುಕೊಂಡಳು. ಮಂಜುಶ್ರೀ ಉಪ್ಪಿನ ನೀರಿನ ಚಮಚ ಹಿಡಿದು ಪಕ್ಕದಲ್ಲಿ ನಿಂತಳು. ಶಶಿಧರ್ ಬಾಗಿಲಲ್ಲಿದ್ದ.

ಚಂದನ ಕಣ್ಣು ಬಿಟ್ಟಿದ್ದಳು. ಇಷ್ಟು ಹೊತ್ತು ಎಲ್ಲರ ಜೊತೆ ವಾದ ಮಾಡಿದೆ. ಮಂಜುಶ್ರೀ ಗೆದ್ದಳು, ಹೊಂಬಾಳಮ್ಮ ಗೆದ್ದಳು, ರಂಜಿತ ನನ್ನನ್ನು ಆಚೆ ಕಳಿಸಿದಳು. ಇವಳಿಗೆ ಮಾತು ಬರುವುದಿಲ್ಲ. ಇವಳ ಬಾಯಲ್ಲಿ ಒಂದು ಶಬ್ದ ಇಟ್ಟರೂ ಅದು ನನ್ನದೇ ಆಗುತ್ತದೆ. ಕುಡಿಯುತ್ತಾಳೆ ಎಂದು ಬರೆಯಲು ಪೆನ್ನು ಎತ್ತಿದೆ.

"ಬಾ ನನ್ ಕಂದ," ಎಂದಳು ರಂಜಿತ. "ಬಾ ಮಗ. ನೋಡು, ಅಮ್ಮ."

ಹಾಲು ತಾನೇ ಜಿನುಗಿ ಮಗುವಿನ ತುಟಿಯ ಮೇಲೆ ಬಿತ್ತು. ಚಂದನ ತಾಯಿಯ ಮುಖ ನೋಡಿದಳು. ತುಟಿ ಬಿಗಿಹಿಡಿದು ಮುಖವನ್ನು ಆಚೆ ತಿರುಗಿಸಿದಳು. ರಂಜಿತ ಆ ಕಡೆಯ ಎದೆಗೆ ಬದಲಿಸಿಕೊಂಡು ಮತ್ತೆ ಹತ್ತಿರ ತಂದಳು. ಚಂದನ ಮುಖವನ್ನು ಈ ಕಡೆ ತಿರುಗಿಸಿದಳು, ಬಾಯಿ ತೆರೆಯಲಿಲ್ಲ.